ಗಣಕಯಂತ್ರದ ಪಡಿಯಚ್ಚು ಮತ್ತು ಗ್ರಂಥಸಂಪಾದನೆಯ ಹೊಣೆ

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ೨೦೦೫ರಲ್ಲಿ ಇ-ಪರಿಸರ ಎಂಬ ಸಂಸ್ಥೆ ಕಾರ್ಯಾರಂಭ ಮಾಡಿತು. ಬಳಕೆ ಮುಗಿದ ಗಣಕಯಂತ್ರಗಳನ್ನು ಬಿಡಿಸಿ ಅವುಗಳೊಳಗಿನ ಲೋಹ, ಗಾಜು, ಪ್ಲಾಸ್ಟಿಕ್ಕುಗಳನ್ನು ಬೇರ್ಪಡಿಸುವ, ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಮೊದಲ ಘಟಕಗಳಲ್ಲಿ ಅದೊಂದು. ಗಂಗರ ಕಾಲದ ತಾಮ್ರಶಾಸನಗಳಿಂದ ಹೆಸರಾದ ಮಣ್ಣೆಯೂ ಅದೇ ತಾಲ್ಲೂಕಿನಲ್ಲಿದೆ ಎಂಬುದು ಕೇವಲ ಕಾಕತಾಳೀಯ. ಆದರೂ ಕನ್ನಡ ಸಂಶೋಧಕರ ಮನಸ್ಸಿನಲ್ಲಿ ಇವೆರಡೂ ಒಟ್ಟಿಗೆ ಸುಳಿಯದೆ ಇರುವುದು ಕಷ್ಟ. ತಾಮ್ರಪಟವೊಂದು ಓದುವವರ ಕೈಗೆ ಸಿಗುವ ಮೊದಲೇ ಕಂಚುಗಾರನ ಕುಲುಮೆಗೆ ಹೋದರೆ ಎಷ್ಟು ನಷ್ಟವೆಂಬುದನ್ನು ಈ ಶಿಸ್ತು ಬಲ್ಲದು. ವಿಭಾಗದ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಗಣಕಯಂತ್ರ ಲಾರಿಯೇರಿದಾಗ ಆಗುವ ನಷ್ಟವನ್ನು ಮಾತ್ರ ಅದು ಇನ್ನೂ ಲೆಕ್ಕಕ್ಕೆ ಹಿಡಿದಂತಿಲ್ಲ. ಬಿಡಿಸುವ ಘಟಕಗಳ ಕೆಲಸ ಅಗತ್ಯವಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಪ್ರಶ್ನೆ ಇರುವುದು ಯಂತ್ರ ಅಲ್ಲಿಗೆ ಹೋಗುವ ಮುನ್ನ ಏನು ಮಾಡಬೇಕೆಂಬುದರಲ್ಲಿ.

೧೯೯೦ರ ದಶಕದ ಮಧ್ಯಭಾಗದಿಂದ ಮುಂದಿನ ಹದಿನೈದು ವರ್ಷಗಳವರೆಗೆ ಕನ್ನಡದ ಪಾಂಡಿತ್ಯವೆಲ್ಲ ಒಂದು ವಿಚಿತ್ರ ಸ್ಥಿತಿಯಲ್ಲಿ ಬರಹಕ್ಕಿಳಿಯಿತು. ಪಿಎಚ್.ಡಿ. ಮಹಾಪ್ರಬಂಧಗಳು, ಜಾನಪದ ಸಂಗ್ರಹಗಳು, ಶಾಸನ ಸಂಪುಟಗಳು, ನಿಘಂಟಿನ ಹಾಳೆಗಳು, ಹಳಗನ್ನಡ ಕಾವ್ಯಗಳ ಪರಿಷ್ಕೃತ ಮುದ್ರಣಗಳು ಇವೆಲ್ಲ ಬರಹ, ನುಡಿ, ಶ್ರೀಲಿಪಿ, ಆಕೃತಿ, ಐ.ಎಸ್.ಎಂ. ಮೊದಲಾದ ತಂತ್ರಾಂಶಗಳಲ್ಲಿ ಟೈಪಾದವು. ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಫಾಂಟು, ತನ್ನದೇ ಸಂಕೇತ ವ್ಯವಸ್ಥೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ, ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಡನೆ ಅದನ್ನು ಸಾಮಾನ್ಯ ಮೇಜಿನ ಮೇಲಕ್ಕೆ ತಂದಿದ್ದರೂ, ಮುದ್ರಣಾಲಯಗಳು ಮತ್ತು ವಿಭಾಗಗಳು ಹಳೆಯ ರೂಢಿಯಲ್ಲಿಯೇ ಬಹುಕಾಲ ಉಳಿದವು. ಆ ಕಾಲದ ಕಡತವನ್ನು ಇಂದಿನ ಯಂತ್ರದಲ್ಲಿ ತೆರೆದರೆ, ತಲೆಯ ಮೇಲೆ ಸೊಟ್ಟ ಗುರುತುಗಳನ್ನು ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ. ಅದು ಕಾವ್ಯವೋ ಪರೀಕ್ಷಾ ವೇಳಾಪಟ್ಟಿಯೋ ತಿಳಿಯುವುದಿಲ್ಲ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದೇ: ಪರಿವರ್ತಕ ತಂತ್ರಾಂಶದಿಂದ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸಿ ಇಟ್ಟುಕೊಂಡರೆ ಆಯಿತು. ಇದು ಅರ್ಧ ಸತ್ಯ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಪರಿವರ್ತನೆಯೆಂಬುದು ಮಾತೃಕೆಯಿಂದ ಮತ್ತೊಬ್ಬ ಲಿಪಿಕಾರ ಮಾಡಿಕೊಂಡ ಪ್ರತಿ. ಆ ಲಿಪಿಕಾರನೂ ತಪ್ಪುತ್ತಾನೆ, ತನ್ನ ರೂಢಿಯಂತೆ ತಿದ್ದುತ್ತಾನೆ, ತನಗೆ ತಿಳಿಯದ್ದನ್ನು ಕೈಬಿಡುತ್ತಾನೆ. ಪ್ರತಿ ಸಿದ್ಧವಾಯಿತೆಂದು ಮಾತೃಕೆಯನ್ನು ಎಸೆಯಬೇಕೆಂದು ಓಲೆಗರಿಯ ವಿಷಯದಲ್ಲಿ ಯಾರೂ ಹೇಳಲಾರರು.

ಛಂದಸ್ಸಿನ ಪಾಠವನ್ನೇ ನೋಡಬಹುದು. ಪದ್ಯಕ್ಕೆ ಪ್ರಸ್ತಾರ ಹಾಕಿ ತೋರಿಸುವಾಗ ಅಕ್ಷರಗಳ ಮೇಲಿನ ಸಾಲಿನಲ್ಲಿ ಲಘು ಗುರುಗಳ ಗುರುತುಗಳನ್ನು ಕೂರಿಸಬೇಕು. ಅಂದಿನ ತಂತ್ರಾಂಶಗಳಲ್ಲಿ ಇದಕ್ಕೆ ಬೇರೆ ಸೌಲಭ್ಯವಿರಲಿಲ್ಲ. ಟೈಪು ಮಾಡುವವರು ಮೇಲೊಂದು ಸಾಲು ಬರೆದು, ಖಾಲಿ ಜಾಗ ಒತ್ತುತ್ತ ಒತ್ತುತ್ತ, ಪ್ರತಿಯೊಂದು ಗುರುತೂ ಕೆಳಗಿನ ಅಕ್ಷರದ ನೆತ್ತಿಗೆ ಸರಿಯಾಗಿ ಬರುವಂತೆ ಕಣ್ಣಳತೆಯಲ್ಲಿ ಹೊಂದಿಸುತ್ತಿದ್ದರು. ಆ ಹೊಂದಾಣಿಕೆ ನಿಂತಿರುವುದು ಒಂದು ನಿರ್ದಿಷ್ಟ ಫಾಂಟಿನ ಅಕ್ಷರಗಳ ಅಗಲದ ಮೇಲೆ. ಫಾಂಟು ಬದಲಾದ ಕ್ಷಣವೇ ಗುರುವಿನ ಗುರುತು ಪಕ್ಕದ ಲಘುವಿನ ಮೇಲೆ ಹೋಗಿ ಕೂರುತ್ತದೆ. ಗುರುತೂ ಉಳಿದಿದೆ, ಅಕ್ಷರವೂ ಉಳಿದಿದೆ, ಪಠ್ಯದಲ್ಲಿ ಒಂದು ಚಿಹ್ನೆಯೂ ಕಳೆದಿಲ್ಲ, ಆದರೆ ಪ್ರಸ್ತಾರ ಮಾತ್ರ ತಪ್ಪು. ಪರಿವರ್ತಕ ತಂತ್ರಾಂಶ ಇದನ್ನು ದೋಷವೆಂದು ಗುರುತಿಸಲಾರದು. ಗಣವಿಭಾಗದ ಬಗ್ಗೆ ಸಂಪಾದಕರ ನಿಲುವೇನಿತ್ತೆಂದು ಹುಡುಕುವ ಮುಂದಿನ ವಿದ್ಯಾರ್ಥಿಗೆ ದೊರೆಯುವುದು ಸಂಪಾದಕರು ಹೇಳದೇ ಇದ್ದ ಮಾತು.

ಅಕ್ಷರಗಳ ಮಟ್ಟದಲ್ಲಿಯೂ ಇದೇ ಕಥೆ. ನುಡಿ ಫಾಂಟಿನ ಕಡತದಲ್ಲಿ 'ಕನ್ನಡ' ಎಂಬ ಪದ ಏಳು ಸಂಕೇತಗಳ ಸಾಲು. ಏಕೆಂದರೆ ಅಲ್ಲಿ ತಲೆಕಟ್ಟೇ ಒಂದು ಬೇರೆ ಚಿಹ್ನೆ. ಯುನಿಕೋಡ್‌ನಲ್ಲಿ ಅದೇ ಪದಕ್ಕೆ ಐದು ಸಂಕೇತಗಳು ಸಾಕು. ಮೊದಲನೆಯದು ಕಣ್ಣಿಗೆ ಕಾಣುವ ಆಕಾರವನ್ನು ಬರೆದಿಡುತ್ತದೆ, ಎರಡನೆಯದು ಉಚ್ಚಾರಣೆಯ ಕ್ರಮವನ್ನು. ಅರ್ಕಾವೊತ್ತು ಮೊದಲನೆಯದರಲ್ಲಿ ವ್ಯಂಜನದ ನಂತರ ಬರುತ್ತದೆ, ಎರಡನೆಯದರಲ್ಲಿ ವ್ಯಂಜನಕ್ಕೆ ಮೊದಲು. 'ಸೂರ್ಯ' ಎಂದು ಅರ್ಕಾವೊತ್ತಿನಲ್ಲಿ ಬರೆಯುವವರೂ ಇದ್ದರು, 'ಸೂರ‍್ಯ' ಎಂದು ರಕಾರಕ್ಕೆ ಒತ್ತು ಕೊಟ್ಟು ಬರೆಯುವವರೂ ಇದ್ದರು. ಯುನಿಕೋಡ್‌ನಲ್ಲಿ ಈ ಭೇದ ನಿಲ್ಲಬೇಕಾದರೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತನ್ನು ನಡುವೆ ಇಡಬೇಕು. ಪರಿವರ್ತಕ ಅದನ್ನು ಇಡದೆ ಹೋದರೆ ಎರಡು ಬರವಣಿಗೆಯ ಪದ್ಧತಿಗಳು ಒಂದಾಗಿಬಿಡುತ್ತವೆ. ಕಾಗುಣಿತದ ಇತಿಹಾಸ ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ. (ಹೊಸ ವ್ಯವಸ್ಥೆಯೇನೂ ದೋಷಾತೀತವಲ್ಲ. ಹಳಗನ್ನಡದ 'ೞ' ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ 'ಫ' ಎಂಬ ಅರ್ಥದ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಇರುತ್ತದೆ. ಶಾಸನದ ಕಂಡರಣೆಯ ತಪ್ಪಿನಂತೆ ಅದೂ ಈಗ ಪಾಠದ ಭಾಗವೇ.)

ಪುಸ್ತಕರೂಪದ ಕಡತಗಳ ಸ್ಥಿತಿ ಇನ್ನೂ ಬಿಗಿಯಾದದ್ದು. ಆ ವರ್ಷಗಳ ಕನ್ನಡ ಪುಸ್ತಕಗಳಲ್ಲಿ ಹಲವು ಅಡೋಬಿ ಪೇಜ್‌ಮೇಕರ್‌ನಲ್ಲಿ ಪುಟಕಟ್ಟಾದವು. ಅದರ ಕೊನೆಯ ಆವೃತ್ತಿ ೭.೦ ಬಂದದ್ದು ೨೦೦೧ರಲ್ಲಿ. ಅದೇ ಸಂಸ್ಥೆಯ ಇನ್‌ಡಿಸೈನ್ ತಂತ್ರಾಂಶ ತನ್ನ ಸಿ.ಎಸ್.೬ ಆವೃತ್ತಿಯವರೆಗೆ ಆ ಕಡತಗಳನ್ನು ತೆರೆಯುತ್ತಿತ್ತು, ಅನಂತರದ ಆವೃತ್ತಿಗಳು ತೆರೆಯುವುದಿಲ್ಲ. ಹೀಗಾಗಿ ಅಡಿಟಿಪ್ಪಣಿ, ಪಾಠಾಂತರಗಳ ಸಾಲು, ಕೋಷ್ಟಕಗಳೊಡನೆ ಆ ಪುಟವನ್ನು ಅದು ಕಟ್ಟಿದಂತೆಯೇ ನೋಡಬೇಕಾದರೆ, ಪೇಜ್‌ಮೇಕರ್, ಆ ಫಾಂಟು, ಆ ಕೀಲಿಮಣೆ ತಂತ್ರಾಂಶ, ಆ ವಿಂಡೋಸ್ ಎಲ್ಲವೂ ಒಟ್ಟಿಗೆ ಬೇಕು. ಅವೆಲ್ಲ ಒಟ್ಟಿಗೆ ಇರುವ ಸ್ಥಳ ಒಂದೇ, ಅದನ್ನು ಟೈಪು ಮಾಡಿದ ಯಂತ್ರ.

ಆದ್ದರಿಂದ ಕಡತವನ್ನಷ್ಟೇ ಪೆನ್‌ಡ್ರೈವ್‌ಗೆ ಎಳೆದುಕೊಂಡು ಯಂತ್ರವನ್ನು ಬಿಟ್ಟುಕೊಡುವುದು ಸಾಲದು. ಯಂತ್ರವನ್ನೇ ಇಡಿಯಾಗಿ ಎತ್ತಿ ಇಟ್ಟುಕೊಳ್ಳಬೇಕು. ಇದು ಅಸಾಧ್ಯವಾದ ಮಾತಲ್ಲ. ವಾಣಿಜ್ಯ ಸಂಸ್ಥೆಗಳು ಇಪ್ಪತ್ತು ವರ್ಷಗಳಿಂದ ಇದನ್ನು ದಿನನಿತ್ಯದ ಕೆಲಸವಾಗಿ ಮಾಡುತ್ತ ಬಂದಿವೆ. ಹತ್ತಾರು ಭೌತಿಕ ಸರ್ವರುಗಳ ಡಿಸ್ಕುಗಳನ್ನು ನಕಲು ತೆಗೆದು ಒಂದು ದೊಡ್ಡ ಯಂತ್ರದೊಳಗೆ ಅವನ್ನೆಲ್ಲ 'ವರ್ಚುವಲ್' ಯಂತ್ರಗಳಾಗಿ ನಡೆಸುವುದು ವಿದ್ಯುತ್ತು ಮತ್ತು ಜಾಗದ ಉಳಿತಾಯಕ್ಕಾಗಿ ಹುಟ್ಟಿದ ಪದ್ಧತಿ. ಇದನ್ನು ಕೆಲವರು 'ಮಿಥ್ಯಾ ಯಂತ್ರ' ಎಂದು ಕನ್ನಡಿಸುತ್ತಾರೆ. ಆ ಪದ ಹೊಂದುವುದಿಲ್ಲ. ಅದರಲ್ಲಿ ಮಿಥ್ಯೆಯೇನೂ ಇಲ್ಲ. ಹೊಸ ಯಂತ್ರದೊಳಗಿನ ಒಂದು ತಂತ್ರಾಂಶ ಹಳೆಯ ಕಾಲದ ಸ್ಮೃತಿ, ಡಿಸ್ಕು, ಪರದೆಗಳನ್ನು ಒದಗಿಸುತ್ತದೆ. ಹಳೆಯ ವಿಂಡೋಸ್ ತಾನು ಸ್ವಂತ ಮನೆಯಲ್ಲಿಯೇ ಇರುವೆನೆಂದು ತಿಳಿದು ಎಂದಿನಂತೆ ಎದ್ದು ಕೆಲಸ ಮಾಡುತ್ತದೆ. ವರ್ಚುವಲ್ ಯಂತ್ರವೆಂದೇ ಕರೆದರೆ ಗೊಂದಲವಿಲ್ಲ.

ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಕ್ರಮ ಅಪರಿಚಿತವೆನಿಸದು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ ೧೯೦೫ರಲ್ಲಿ ಪ್ರಕಟವಾಯಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಲ್ಲಿಂದ ಈಚೆಗೆ ಊರು ಬೆಳೆದು, ರಸ್ತೆ ಅಗಲವಾಗಿ, ಕೆರೆ ಮುಚ್ಚಿ ಎಷ್ಟೋ ಕಲ್ಲುಗಳು ಕಣ್ಮರೆಯಾದವು. ಓದಿ ಬರೆದ ಪಾಠವೊಂದೇ ಉಳಿದ ಕಡೆ ರೈಸ್ ಅವರ ಓದನ್ನು ನಂಬದೆ ವಿಧಿಯಿಲ್ಲ. ಪಡಿಯಚ್ಚು ಉಳಿದ ಕಡೆ ಮರುಓದಿಗೆ ಅವಕಾಶವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಚಿನ ವರ್ಷಗಳಲ್ಲಿ ಈ ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಡುತ್ತಿರುವುದರ ಹಿಂದಿನ ವಿವೇಕವೂ ಇದೇ. ಪಾಠ ಬೇರೆ, ಪಡಿಯಚ್ಚು ಬೇರೆ. ಯುನಿಕೋಡ್ ಪರಿವರ್ತನೆ ಪಾಠ. ಡಿಸ್ಕಿನ ಪೂರ್ಣ ನಕಲು ಪಡಿಯಚ್ಚು.

ಈ ಪಡಿಯಚ್ಚನ್ನು ತೆಗೆಯುವಲ್ಲಿ ಮೊದಲ ನಿಯಮ, ಹಳೆಯ ಯಂತ್ರವನ್ನು ಕುತೂಹಲಕ್ಕೆಂದು ಚಾಲೂ ಮಾಡಿ ನೋಡಬಾರದು. ವಿಂಡೋಸ್ ಏಳುವಾಗಲೇ ಹಲವು ಕಡತಗಳ ದಿನಾಂಕ ಬದಲಾಗುತ್ತದೆ, ಅಳಿಸಿದ ಕರಡುಗಳು ಇನ್ನೂ ಉಳಿದಿರಬಹುದಾದ ಖಾಲಿ ಜಾಗಗಳ ಮೇಲೆ ಅದು ತನ್ನ ತಾತ್ಕಾಲಿಕ ಬರಹವನ್ನು ಬರೆಯುತ್ತದೆ. ಶಾಸನಕ್ಕೆ ಸುಣ್ಣ ಬಳಿದಂತೆ ಇದು. ಹಾಗಾಗದಂತೆ, ಯಂತ್ರವನ್ನು ಅದರ ಸ್ವಂತ ವಿಂಡೋಸ್‌ನಿಂದ ಎಬ್ಬಿಸದೆ, ಸಿ.ಡಿ.ಯಿಂದಲೋ ಪೆನ್‌ಡ್ರೈವ್‌ನಿಂದಲೋ ಎಬ್ಬಿಸುವ ನಕಲು ತಂತ್ರಾಂಶಗಳಿವೆ. ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಅವುಗಳಲ್ಲಿ ಪ್ರಸಿದ್ಧವಾದದ್ದು, ಉಚಿತವಾಗಿ ದೊರೆಯುವಂಥದು. ಮೂಲ ಡಿಸ್ಕು ನಿದ್ರೆಯಲ್ಲಿರುವಾಗಲೇ ಅದರ ಬಿಂಬವನ್ನು ಹೊರಗಿನ ಡಿಸ್ಕಿಗೆ ಇದು ಬರೆದುಕೊಡುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು: ಸಾಮಾನ್ಯ ಕ್ರಮದಲ್ಲಿ ಇದು ಬಳಕೆಯಲ್ಲಿರುವ ಭಾಗಗಳನ್ನಷ್ಟೇ ನಕಲಿಸುತ್ತದೆ. ಆಡಳಿತದ ಸರ್ವರಿಗೆ ಅಷ್ಟು ಸಾಕು. ಸಂಪಾದಕರು ಅಳಿಸಿದ ಕರಡೂ ಸಾಕ್ಷ್ಯವಾಗಬಲ್ಲ ಕಡೆ, ಖಾಲಿಯೆಂದು ತೋರುವ ಜಾಗವನ್ನೂ ಸೇರಿಸಿ ಮೊದಲಿನಿಂದ ಕೊನೆಯವರೆಗೆ ಅಕ್ಷರಶಃ ನಕಲಿಸುವ ಕ್ರಮವನ್ನೇ ಆಯ್ದುಕೊಳ್ಳಬೇಕು. ಡಿಸ್ಕು ಅಲ್ಲಲ್ಲಿ ಕೆಟ್ಟಿದ್ದರೆ ಡಿಡಿ-ರೆಸ್ಕ್ಯೂ ಎಂಬ ಉಪಕರಣ ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿಕೊಂಡು, ಕೆಟ್ಟ ಭಾಗಗಳಿಗೆ ಅನಂತರ ಮರಳಿ, ಎಲ್ಲಿ ಓದಲಾಗಲಿಲ್ಲವೆಂಬುದನ್ನೂ ದಾಖಲಿಸುತ್ತದೆ. ತ್ರುಟಿತ ಶಾಸನದಲ್ಲಿ ಹೋದ ಅಕ್ಷರಗಳಿಗೆ ಚುಕ್ಕೆಯಿಡುವ ಪ್ರಾಮಾಣಿಕತೆಯೇ ಇಲ್ಲಿಯೂ ಇದೆ.

ತೀರ ಹಳೆಯ ಯಂತ್ರಗಳು ಪೆನ್‌ಡ್ರೈವ್‌ನಿಂದ ಏಳುವುದಿಲ್ಲ. ಆಗ ಡಿಸ್ಕನ್ನು ಹೊರತೆಗೆದು, ಬರೆಯಲು ಅವಕಾಶ ಕೊಡದೆ ಓದಲಷ್ಟೇ ಬಿಡುವ ಸಾಧನದ ಮೂಲಕ ಹೊಸ ಯಂತ್ರಕ್ಕೆ ಜೋಡಿಸಿ ನಕಲು ಮಾಡಬೇಕು. ಸಿದ್ಧವಾದ ಬಿಂಬಕ್ಕೆ ಒಂದು ಗಣಿತೀಯ ಮುದ್ರೆಯನ್ನು ಲೆಕ್ಕ ಹಾಕಿ ಬರೆದಿಟ್ಟುಕೊಂಡರೆ, ಮುಂದೆ ಒಂದು ಬಿಟ್ ಬದಲಾದರೂ ಗೊತ್ತಾಗುತ್ತದೆ. ಅನಂತರ ಅದರ ಮತ್ತೊಂದು ಪ್ರತಿಯನ್ನು ಮಾತ್ರ ವರ್ಚುವಲ್‌ಬಾಕ್ಸ್ ಅಥವಾ ಕ್ಯೂ-ಎಮು ತಂತ್ರಾಂಶಕ್ಕೆ ಒಗ್ಗುವ ರೂಪಕ್ಕೆ ತಂದು ನಡೆಸಬೇಕು, ಮಾತೃಕೆಯನ್ನು ಮುಟ್ಟಬಾರದು. ಇಲ್ಲಿ ಬಹುಮಂದಿ ಎಡವುವುದು ಒಂದೇ ಕಡೆ. ಹಳೆಯ ವಿಂಡೋಸ್‌ಗೆ ತನ್ನ ಕಾಲದ ಐ.ಡಿ.ಇ. ಡಿಸ್ಕಿನ ಪರಿಚಯ ಮಾತ್ರ ಇರುತ್ತದೆ. ವರ್ಚುವಲ್ ಯಂತ್ರದಲ್ಲಿ ಹೊಸ ಬಗೆಯ ಡಿಸ್ಕನ್ನು ಆಯ್ದಿದ್ದರೆ ಅದು ತನ್ನ ಮನೆಯ ಬಾಗಿಲನ್ನೇ ಕಾಣದೆ ನೀಲಿ ಪರದೆಯ ಮೇಲೆ ದೋಷಸಂಕೇತ ತೋರಿಸಿ ನಿಂತುಬಿಡುತ್ತದೆ. ನಕಲು ಕೆಟ್ಟಿತೆಂದು ಅಲ್ಲಿಗೇ ಕೈಬಿಡಬೇಕಾದುದಿಲ್ಲ. ಆ ಒಂದು ಆಯ್ಕೆಯನ್ನು ಬದಲಿಸಿ ನೋಡಬೇಕು. ವಿಂಡೋಸ್ ೯೮ ಆಗಿದ್ದರೆ ಸ್ಮೃತಿಯನ್ನು ೫೧೨ ಎಂ.ಬಿ.ಗಿಂತ ಹೆಚ್ಚು ಕೊಡಬಾರದು. ಯಾವ ವಿಂಡೋಸ್ ಆದರೂ ಅಂತರಜಾಲದ ಸಂಪರ್ಕವನ್ನು ಕೊಡಲೇಬಾರದು. ಎಕ್ಸ್‌ಪಿಗೆ ಭದ್ರತೆಯ ಬೆಂಬಲ ೨೦೧೪ರಲ್ಲಿಯೇ ನಿಂತಿದೆ.

ಆ ಕಾಲದ ಕೆಲವು ಡಿ.ಟಿ.ಪಿ. ತಂತ್ರಾಂಶಗಳು ಯಂತ್ರದ ಹಿಂಬದಿಗೆ ಸಿಕ್ಕಿಸುವ ಬೆರಳುದ್ದದ ಬೀಗವೊಂದಿಲ್ಲದೆ ತೆರೆಯುತ್ತಿರಲಿಲ್ಲ. ಡಾಂಗಲ್ ಎಂದು ಕರೆಯುವ ಆ ತುಣುಕು ಡಿಸ್ಕಿನ ಬಿಂಬದೊಳಗೆ ಬರುವುದಿಲ್ಲ. ಹಳೆಯ ಯಂತ್ರದೊಡನೆ ಅದೂ ಗುಜರಿಗೆ ಹೋದರೆ ಉಳಿದದ್ದೆಲ್ಲ ಬೀಗ ಹಾಕಿದ ಮನೆ. ಆದ್ದರಿಂದ ಅದನ್ನು ಬಿಚ್ಚಿ, ಹೆಸರು ಬರೆದು, ಎತ್ತಿಡಬೇಕು.

ಈ ವಿಚಾರ ವಿಭಾಗಗಳ ಗೋಡೆಯೊಳಗೆ ಮುಗಿಯುವಂಥದಲ್ಲ. ಕನ್ನಡದಲ್ಲಿ ಟೈಪಾದ ಅತಿ ದೊಡ್ಡ ಪಠ್ಯರಾಶಿಗಳಲ್ಲಿ ಒಂದು ಕಂದಾಯ ಇಲಾಖೆಯ 'ಭೂಮಿ' ಯೋಜನೆ. ಶತಮಾನದ ತಿರುವಿನಲ್ಲಿ ರಾಜ್ಯದ ತಾಲ್ಲೂಕು ಕಛೇರಿಗಳಲ್ಲಿ ಸರ್ವರುಗಳು ಬಂದು ಕುಳಿತು, ಗ್ರಾಮಲೆಕ್ಕಿಗರ ಕೈಬರಹದ ಪಹಣಿಗಳು ಗಣಕಕ್ಕೇರಿದವು. ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿಯಷ್ಟು ಪಹಣಿಗಳು ಹೀಗೆ ಅಕ್ಷರರೂಪ ಬದಲಿಸಿದವು. ೧೫ ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರುತ್ತಿತ್ತು. ಕನ್ನಡಕ್ಕಾಗಿ ಅದು ಅವಲಂಬಿಸಿದ್ದು ಸಿ-ಡಾಕ್ ಸಂಸ್ಥೆಯ ಅಂದಿನ ತಂತ್ರಾಂಶವನ್ನು. ಮುಂದೆ ದತ್ತಾಂಶವನ್ನು ರಾಜ್ಯಮಟ್ಟದಲ್ಲಿ ಒಂದೆಡೆಗೆ ತರಲಾಯಿತು. ದತ್ತಾಂಶ ಉಳಿಯಿತೆಂಬುದು ಆಡಳಿತಕ್ಕೆ ಸಾಕು. ಭಾಷೆಯ ಸಂಶೋಧಕರಿಗೆ ಸಾಲದು. ಹೊಸಕೋಟೆಯ ಒಂದು ಹೋಬಳಿಯಲ್ಲಿ ವ್ಯಕ್ತಿನಾಮಗಳನ್ನು, ಅವುಗಳ ಹಿಂದಿನ ತಂದೆಯ ಹೆಸರುಗಳನ್ನು ಮೊದಲ ಸಲ ಟೈಪು ಮಾಡಿದವರು ಹೇಗೆ ಬರೆದರು, ಹಕಾರವನ್ನು ಎಲ್ಲಿ ಬಿಟ್ಟರು, ಮಹಾಪ್ರಾಣವನ್ನು ಎಲ್ಲಿ ಸೇರಿಸಿದರು ಎಂಬುದು ಆಡುನುಡಿಯ ಅಮೂಲ್ಯ ದಾಖಲೆ. ಚಾಲ್ತಿಯಲ್ಲಿರುವ ದತ್ತಸಂಚಯದ ಸ್ವಭಾವವೇ ತಿದ್ದಿಕೊಳ್ಳುತ್ತ ಹೋಗುವುದು.

ಜಿಲ್ಲೆಯ ಹೆಸರನ್ನೇ ನೋಡಬಹುದು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರೂಪುಗೊಂಡಾಗ ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರಗಳೂ ಅದರೊಳಗಿದ್ದವು. ೨೦೦೭ರಲ್ಲಿ ಅವು ಬೇರೆಯಾಗಿ ನಾಲ್ಕು ತಾಲ್ಲೂಕುಗಳು ಉಳಿದವು. ೨೦೨೫ರ ಜುಲೈಯಲ್ಲಿ ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ನಡೆಯುತ್ತಿರುವ ವ್ಯವಸ್ಥೆಯಲ್ಲಿ ಇಂಥ ಬದಲಾವಣೆ ಒಂದು ಆದೇಶದಿಂದ ಎಲ್ಲ ಹಾಳೆಗಳಿಗೂ ಹರಡಬಹುದು. ೨೦೦೧ರ ಯಂತ್ರದ ಬಿಂಬದಲ್ಲಿ ಮಾತ್ರ ೨೦೦೧ರ ಜಿಲ್ಲೆ, ೨೦೦೧ರ ಹೋಬಳಿ, ವಿಮಾನ ನಿಲ್ದಾಣ ಬರುವುದಕ್ಕೆ ಮುನ್ನಿನ ದೇವನಹಳ್ಳಿಯ ಬೆಳೆ ಇರುತ್ತವೆ. ಕೇಂದ್ರದ ೧೯೯೩ರ ಸಾರ್ವಜನಿಕ ದಾಖಲೆಗಳ ಕಾಯಿದೆ ಗಣಕಯಂತ್ರದಿಂದ ಉತ್ಪನ್ನವಾದ ಸಾಮಗ್ರಿಯನ್ನೂ ದಾಖಲೆಯೆಂದೇ ಪರಿಗಣಿಸುತ್ತದೆ. ಆದರೂ ದಾಖಲೆಯೆಂದರೆ ಕಾಗದ, ಯಂತ್ರವೆಂದರೆ ಪೀಠೋಪಕರಣ ಎಂಬ ವಿಂಗಡಣೆ ಕಛೇರಿಗಳ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಹೊರಜಗತ್ತಿನಲ್ಲಿ ಈ ಪಾಠ ಕಲಿತದ್ದೂ ಪೆಟ್ಟು ತಿಂದ ಮೇಲೆಯೇ. ಬ್ರಿಟನ್ನಿನ ಬಿಬಿಸಿ ೧೯೮೬ರಲ್ಲಿ 'ಡೂಮ್ಸ್‌ಡೇ' ಎಂಬ ಹೆಸರಿನಲ್ಲಿ ದೇಶದ ಜನಜೀವನವನ್ನು ಲೇಸರ್ ತಟ್ಟೆಗಳ ಮೇಲೆ ದಾಖಲಿಸಿತು. ಹದಿನೈದು ವರ್ಷಗಳಲ್ಲಿ ಅದನ್ನು ಓದುವ ಯಂತ್ರಗಳು ಅಪರೂಪವಾಗಿ, ಹಳೆಯ ಯಂತ್ರವನ್ನು ತಂತ್ರಾಂಶದಲ್ಲಿ ಅನುಕರಿಸಿ ಅದಕ್ಕೆ ಮತ್ತೆ ಜೀವ ಕೊಡಬೇಕಾಯಿತು. ಒಂಬೈನೂರು ವರ್ಷ ಹಳೆಯದಾದ ಮೂಲ ಡೂಮ್ಸ್‌ಡೇ ಗ್ರಂಥವಾದರೋ ಚರ್ಮದ ಹಾಳೆಯ ಮೇಲೆ ಸುಖವಾಗಿತ್ತು. ಇದಕ್ಕೆ ಪ್ರತಿಯಾಗಿ ಅಮೆರಿಕದ ಎಮರಿ ವಿಶ್ವವಿದ್ಯಾನಿಲಯ ಸಲ್ಮಾನ್ ರಶ್ದಿಯವರ ಹಳೆಯ ಆಪಲ್ ಗಣಕಯಂತ್ರಗಳನ್ನು ಕಾಗದಪತ್ರಗಳೊಡನೆ ಪಡೆದು, ೨೦೧೦ರಲ್ಲಿ ಅವುಗಳಲ್ಲೊಂದರ ಅನುಕರಣೆಯನ್ನು ಓದುಗರಿಗೆ ತೆರೆದಿಟ್ಟಿತು. ಸಂಶೋಧಕರು ಲೇಖಕರ ಪರದೆಯನ್ನು ಅವರು ಕಂಡಂತೆಯೇ ಕಂಡು, ಅವರ ಕಡತಗಳ ನಡುವೆ ಓಡಾಡುವುದು ಸಾಧ್ಯವಾಯಿತು. ಖಾಸಗಿಯಾದ ಕಡತಗಳನ್ನು ತಡೆಹಿಡಿಯಲಾಯಿತು. ಕನ್ನಡದಲ್ಲಿ ಇದೇ ತಲೆಮಾರಿನ ಲೇಖಕರ, ಸಂಪಾದಕರ ಯಂತ್ರಗಳ ಬಗ್ಗೆ ಅಂಥ ಆಸೆಯನ್ನಾದರೂ ಪಡುವ ಕಾಲ ಮೀರುತ್ತಿದೆ.

ಖಾಸಗಿತನದ ಪ್ರಶ್ನೆಯನ್ನು ಲಘುವಾಗಿ ಕಾಣುವಂತಿಲ್ಲ. ಪೂರ್ಣ ನಕಲಿನಲ್ಲಿ ಪ್ರಬಂಧದೊಡನೆ ಪರೀಕ್ಷಾ ಪತ್ರಿಕೆಗಳು, ಅಂಕಪಟ್ಟಿಗಳು, ಮನೆಯ ಪತ್ರಗಳೂ ಬರುತ್ತವೆ, ಅಳಿಸಿಹಾಕಿದ್ದೂ ಬರುತ್ತದೆ. ಯಂತ್ರದ ಮೇಲೆ ಕೆಲಸ ಮಾಡಿದವರ ಒಪ್ಪಿಗೆ ಪಡೆಯುವುದು, ಬಿಂಬಕ್ಕೆ ಬೀಗ ಹಾಕಿಡುವುದು, ನಿಗದಿಯಾದ ವರ್ಷಗಳವರೆಗೆ ತೆರೆಯದಿರುವುದು ಇವೆಲ್ಲ ಮೊದಲೇ ತೀರ್ಮಾನವಾಗಬೇಕು. ಪರವಾನಗಿಯ ತೊಡಕೂ ಇದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಕಲಂ, ತಂತ್ರಾಂಶವನ್ನು ನ್ಯಾಯವಾಗಿ ಹೊಂದಿದವರು ನಷ್ಟದಿಂದ ರಕ್ಷಣೆಗಾಗಿ ತಾತ್ಕಾಲಿಕ ಪ್ರತಿ ಮಾಡಿಕೊಳ್ಳುವುದಕ್ಕೆ ಅವಕಾಶ ಕೊಡುತ್ತದೆ. ಶಾಶ್ವತವಾದ ಸಂಗ್ರಹ 'ತಾತ್ಕಾಲಿಕ'ದೊಳಗೆ ಬರುವುದೆಂದು ಧೈರ್ಯದಿಂದ ಹೇಳುವಂತಿಲ್ಲ. ವಿಶ್ವವಿದ್ಯಾನಿಲಯಗಳು ಒಟ್ಟಾಗಿ ಕೇಳಿ ಬಗೆಹರಿಸಿಕೊಳ್ಳಬೇಕಾದ ವಿಷಯವಿದು. ವೆಚ್ಚದ ನೆಪ ಮಾತ್ರ ನಿಲ್ಲುವುದಿಲ್ಲ. ಆ ಕಾಲದ ೪೦ ಜಿ.ಬಿ.ಯ ಡಿಸ್ಕುಗಳಾದರೆ ಇಪ್ಪತ್ತೈದರ ಬಿಂಬ ಇಂದಿನ ೧ ಟಿ.ಬಿ.ಯ ಒಂದು ಡಿಸ್ಕಿನಲ್ಲಿ ಹಿಡಿಯುತ್ತದೆ.

ವಿಭಾಗಗಳಲ್ಲಿ ಯಂತ್ರಗಳ ವಿಲೇವಾರಿಗೆ ಸಮಿತಿ ಸಹಿ ಹಾಕುವ ಪಟ್ಟಿಯಿರುತ್ತದೆ: ಖರೀದಿಯ ವರ್ಷ, ಬೆಲೆ, ಸ್ಥಿತಿ. ಅದರಲ್ಲಿ 'ಬಿಂಬ ತೆಗೆಯಲಾಗಿದೆಯೆ' ಎಂಬ ಇನ್ನೊಂದು ಅಂಕಣ ಸೇರುವುದು ಮೊದಲ ಕೆಲಸ. ಹಸ್ತಪ್ರತಿಶಾಸ್ತ್ರ ಮತ್ತು ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಓಲೆಗೆ ಎಣ್ಣೆ ಹಚ್ಚುವ ಪ್ರಾಯೋಗಿಕ ಪಾಠದೊಡನೆ ಡಿಸ್ಕಿನ ಬಿಂಬ ತೆಗೆಯುವ ಒಂದು ಪಾಠ ಸೇರುವುದು ಎರಡನೆಯದು. ಇವೆರಡಕ್ಕೂ ಮೊದಲೇ, ಈ ವರ್ಷವೇ ಆಗಬೇಕಾದದ್ದು ಮತ್ತೊಂದಿದೆ. ಹಳೆಯ ಓಲೆಗಳ ಕೊನೆಯಲ್ಲಿ ಪ್ರತಿ ಮಾಡಿದವರ ಹೆಸರು, ಊರು, ತಿಥಿಗಳು ಬರುತ್ತಿದ್ದವು. ಗಣಕಯುಗದ ಲಿಪಿಕಾರರಾದ ಬೆರಳಚ್ಚುಗಾರರು, ಡಿ.ಟಿ.ಪಿ. ಕೆಲಸದವರು ಯಾವ ಪುಸ್ತಕದ ಕೊನೆಯಲ್ಲಿಯೂ ಹೀಗೆ ನಿಂತದ್ದು ವಿರಳ. ಯಾವ ಕಾವ್ಯದ ಕಡತ ಯಾವ ಯಂತ್ರದಲ್ಲಿದೆ, ಯಾವ ಫಾಂಟಿನಲ್ಲಿದೆ, ಕಡತಕ್ಕೆ ಕೊಟ್ಟ ಎಂಟಕ್ಷರದ ಒಗಟಿನಂಥ ಹೆಸರಿನ ಅರ್ಥವೇನು, ಡಾಂಗಲ್ ಯಾವ ಮೇಜಿನ ಖಾನೆಯಲ್ಲಿದೆ ಎಂಬುದು ಅವರಿಗಷ್ಟೇ ಗೊತ್ತು. ಅವರಲ್ಲಿ ಅನೇಕರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವರನ್ನು ಕೂರಿಸಿ ಕೇಳಿ, ಬಿಂಬದೊಡನೆ ಇಡುವ ವಿವರಣೆಯಲ್ಲಿ ಅವರ ಹೆಸರನ್ನೂ ಅವರು ಟೈಪು ಮಾಡಿದ ವರ್ಷಗಳನ್ನೂ ಮೊದಲ ಸಾಲಿನಲ್ಲಿಯೇ ಬರೆಯಬೇಕು.